ಸಂಪಿನ ನೀರಿನ ಲೆಕ್ಕ ಮೊಬೈಲಿಗೆ: ಪುಟ್ಟ ಬೋರ್ಡಿಗೆ ನೆಟ್‌ವರ್ಕ್ ಒಗ್ಗಿಸುವುದು ಹೇಗೆ?

ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಎದ್ದ ಕೂಡಲೇ ಸಂಪಿನ ಮುಚ್ಚಳ ಎತ್ತಿ ಇಣುಕುವುದು ರೂಢಿ. ಅದನ್ನು ತಪ್ಪಿಸಲೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ವೈ-ಫೈ ಇರುವ ಪೈಕೊ ಡಬ್ಲ್ಯು ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನೂ, ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ನೀರಿನ ಮಟ್ಟ ಅಳೆಯುವ ಒಂದು ಅಲ್ಟ್ರಾಸಾನಿಕ್ ಸೆನ್ಸರನ್ನೂ ತಂದೆ. ಬೋರ್ಡಿನ ರ‍್ಯಾಮ್ 264 ಕೆಬಿ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊಗೂ ಸಾಲದು.

ನೆಟ್ಟಿನಲ್ಲಿ ಮಾಹಿತಿ ಸಾಗಿಸುವ ನಿಯಮಗಳ ಕಟ್ಟು ಟಿಸಿಪಿ/ಐಪಿ. ಅದರ ಕೋಡನ್ನು ನೀವೇ ಬರೆಯಲು ಹೋಗಬೇಡಿ. ಇಂಥ ಚಿಪ್‌ಗಳಿಗೆಂದೇ ಸ್ವೀಡನ್ನಿನ ಆಡಂ ಡಂಕೆಲ್ಸ್ ಆರಂಭಿಸಿದ ‘ಎಲ್‌ಡಬ್ಲ್ಯುಐಪಿ’ ಎಂಬ ಮುಕ್ತ ತಂತ್ರಾಂಶವಿದೆ. ಪೈಕೊ ಬಳಸುವುದೂ ಅದನ್ನೇ. ಉಳಿದದ್ದು ದರ್ಜಿಯ ಕೆಲಸ: ಅದರ ಆಯ್ಕೆಗಳ ಹೆಡರ್ ಫೈಲ್ ತೆರೆದು ಅಳತೆಗೆ ಕತ್ತರಿಸಬೇಕು.

ಮೊದಲು ಪ್ಯಾಕೆಟ್ ಬಫರ್, ಅಂದರೆ ಮಾಹಿತಿಯ ತುಣುಕುಗಳು ಬಂದು ತಂಗುವ ಜಾಗ. ಸುಮಾರು 1,500 ಬೈಟ್‌ನ 16 ಬಫರ್ ಇಟ್ಟರೆ 24 ಕೆಬಿ ಅಲ್ಲೇ ಹೋಯಿತು. ನಾವು ಕಳಿಸುವುದು ಒಂದು ಸಾಲಿನ ಮಾಹಿತಿ. ಹಾಗಾಗಿ ಟಿಸಿಪಿ ತುಣುಕಿನ ಗರಿಷ್ಠ ಗಾತ್ರವನ್ನು 1,460ರಿಂದ 536 ಬೈಟಿಗೆ ಇಳಿಸಿ. ಬಫರ್‌ಗಳ ಸಂಖ್ಯೆಯಲ್ಲಿ ಮಾತ್ರ ಜಿಪುಣತನ ಬೇಡ. ಮನೆಯ ಟಿವಿ, ಮೊಬೈಲುಗಳು ಎಲ್ಲರಿಗೂ ಸಾರುವ ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗಳೇ ಜಾಗ ಹಿಡಿದು ಕುಳಿತರೆ ನಮ್ಮದು ಬಿದ್ದುಹೋಗುತ್ತದೆ.

ಆಪರೇಟಿಂಗ್ ಸಿಸ್ಟಂ ಇಲ್ಲದಿದ್ದರೆ ಅದನ್ನು ನೆಚ್ಚಿಕೊಂಡ ಸಾಕೆಟ್ ಸೌಲಭ್ಯವನ್ನು ಮುಚ್ಚಿ, ಮಾಹಿತಿ ಬಂದಾಗ ನಮ್ಮ ಕೋಡನ್ನು ತಾನೇ ಕರೆಯುವ ಕಾಲ್‌ಬ್ಯಾಕ್ ವಿಧಾನದಲ್ಲಿ ಬರೆಯಿರಿ.

ನಾನು ಎಡವಿದ್ದು ಇದಾದ ಮೇಲೆ. ಮೂರನೆಯ ದಿನ ಬೆಳಿಗ್ಗೆ ಮೊಬೈಲಿನಲ್ಲಿ ಸಂಪು ತುಂಬಿತ್ತು, ನಲ್ಲಿಯಲ್ಲಿ ಬರೀ ಗಾಳಿ! ಪ್ರತಿಧ್ವನಿ ಬರುವವರೆಗೂ ಕಾಯಲು ಕೋಡಿನಲ್ಲಿ ಹೇಳಿದ್ದೆ. ಒಮ್ಮೆ ಅದು ಬರಲೇ ಇಲ್ಲ. ಬೋರ್ಡ್ ಅಲ್ಲೇ ಕಾಯುತ್ತ ನಿಂತಿತು, ಮೊಬೈಲಿನಲ್ಲಿ ಉಳಿದದ್ದು ಹಳೆಯ ಲೆಕ್ಕ. ನಾನು ಆರಿಸಿದ್ದ ಪೋಲಿಂಗ್ ವಿಧಾನದಲ್ಲಿ ಕೋಡಿನ ಮುಖ್ಯ ಲೂಪ್ (ಸುತ್ತು) ಮತ್ತೆ ಮತ್ತೆ ಬಂದು ಕರೆದರಷ್ಟೇ ನೆಟ್‌ವರ್ಕ್ ಉಸಿರಾಡುತ್ತದೆ. ಕಳೆದುಹೋದ ಪ್ಯಾಕೆಟ್ ಮತ್ತೆ ಕಳಿಸುವುದು, ಐಪಿ ವಿಳಾಸದ ಅವಧಿ ನವೀಕರಿಸುವುದು ಎಲ್ಲವೂ ಆ ಕರೆಯಲ್ಲೇ ನಡೆಯಬೇಕು. ಮೂರು ಮೀಟರ್ ಆಳಕ್ಕೆ ಶಬ್ದ ಹೋಗಿ ಬರಲು ಸುಮಾರು 18 ಮಿಲಿಸೆಕೆಂಡ್ ಸಾಕು. 30 ದಾಟಿದರೆ ಆ ಅಳತೆಯನ್ನು ಬಿಟ್ಟು ಮುಂದೆ ಹೋಗುವಂತೆ ಬರೆಯಿರಿ. (ಸೆನ್ಸರ್ 5 ವೋಲ್ಟಿನದಾದರೆ ಪ್ರತಿಧ್ವನಿಯ ಸಂಕೇತ ತರುವ ಎಕೊ ತಂತಿಗೆ ಎರಡು ರೆಸಿಸ್ಟರ್ ಹಾಕಿ 3.3ಕ್ಕೆ ಇಳಿಸುವುದನ್ನು ಮರೆಯಬೇಡಿ.)

ಗೂಢಲಿಪಿಯ ಸಂಪರ್ಕ ಬೇಕೆಂದರೆ ಅದಕ್ಕೆಂದೇ ಇರುವ ತಂತ್ರಾಂಶ ಎಂಬೆಡ್ ಟಿಎಲ್‌ಎಸ್ ಬರುವ ಮತ್ತು ಹೋಗುವ ಮಾಹಿತಿಗೆ ತಲಾ 16 ಕೆಬಿ ಕೇಳುತ್ತದೆ. ಉಳಿಸಿದ್ದು ಇಲ್ಲಿ ಖರ್ಚಿಗೆ ಬರುತ್ತದೆ.

ಕೊನೆಗೆ ರೂಟರ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಆನ್ ಮಾಡಿ. ಬೋರ್ಡ್ ಮೊದಲು 2 ಸೆಕೆಂಡ್, ಆಮೇಲೆ 4, 8 ಎಂದು ಕಾಯುತ್ತ ತಾನಾಗಿಯೇ ಮತ್ತೆ ಸಂಪರ್ಕ ಸಾಧಿಸಬೇಕು. ಪೈಕೊದಲ್ಲಿ ರೀಸೆಟ್ ಬಟನ್ ಇಲ್ಲ. ಸಾಧಿಸದಿದ್ದರೆ ಸಂಪಿನ ಬಳಿಗೇ ಹೋಗಿ ತಂತಿ ಕಿತ್ತು ಸಿಕ್ಕಿಸಬೇಕು.