ಮೆಣಸಿನಕಾಯಿ ಲೆಕ್ಕದಿಂದ ಸ್ಪ್ರೆಡ್‌ಶೀಟ್ ಕಲಿಯುವ ಬಗೆ

ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಭರದಿಂದ ಬರುವ ತಿಂಗಳುಗಳಲ್ಲಿ ದಲಾಲಿ ಅಂಗಡಿಗಳ ಗುಮಾಸ್ತರು ಹೊತ್ತು ಮುಳುಗಿದ ಮೇಲೂ ಕಿರ್ದಿ ಬಿಟ್ಟು ಏಳುವಂತಿಲ್ಲ. ಅಂಥದೊಂದು ಅಂಗಡಿಯಲ್ಲಿ ಲೆಕ್ಕ ನೋಡಿಕೊಂಡಿರುವ ನಾನು, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಇಡುವುದನ್ನು ಕೆಲವು ವರ್ಷಗಳಿಂದ ಹೇಳಿಕೊಡುತ್ತ ಬಂದಿದ್ದೇನೆ. ಅವರಲ್ಲಿ ಹೆಚ್ಚಿನವರು ಮೊದಲ ದಿನವೇ ಬಣ್ಣ ಹಚ್ಚುವುದನ್ನೂ ಗೆರೆ ಹಾಕುವುದನ್ನೂ ಕಲಿತುಬಿಡುತ್ತಾರೆ. ಆದರೆ ಮೊತ್ತವನ್ನು ಕ್ಯಾಲ್ಕ್ಯುಲೇಟರಿನಲ್ಲಿ ಕೂಡಿ, ಬಂದ ಅಂಕಿಯನ್ನು ಹಾಳೆಯಲ್ಲಿ ಟೈಪ್ ಮಾಡುತ್ತಾರೆ. ಹಾಗೆ ಮಾಡಿದರೆ ಕಂಪ್ಯೂಟರಿನ ಲೆಕ್ಕದ ಹಾಳೆಯಾದ ಸ್ಪ್ರೆಡ್‌ಶೀಟಿಗೂ ರೂಲು ಹಾಕಿದ ಕಾಗದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ನಮಗೆ ಗೊತ್ತಿರುವ ಅಂಕಿಯನ್ನು ಒಂದೇ ಕಡೆ, ಒಂದೇ ಸಲ ಬರೆಯಬೇಕು. ಅದರಿಂದ ಹುಟ್ಟುವ ಅಂಕಿಯನ್ನು ಎಂದೂ ಕೈಯಿಂದ ಬರೆಯಬಾರದು. ಕಲಿಯುವವರು ಮೊದಲು ಹಿಡಿಯಬೇಕಾದದ್ದು ಇದನ್ನೇ.

ಸ್ಪ್ರೆಡ್‌ಶೀಟ್ ತಂತ್ರಾಂಶ ಹುಟ್ಟಿದ್ದೂ ಇದೇ ಕಾರಣಕ್ಕೆ. ಹಾರ್ವರ್ಡ್‌ನಲ್ಲಿ ವ್ಯಾಪಾರ ನಿರ್ವಹಣೆ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಅವರಿಗೆ, ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಅದಕ್ಕೆ ತಗಲಿಕೊಂಡ ಎಲ್ಲ ಅಂಕಿಗಳನ್ನೂ ಅಳಿಸಿ ಮತ್ತೆ ಬರೆಯಬೇಕಾಗುವ ಕಷ್ಟ ಕಣ್ಣಿಗೆ ಬಿದ್ದಿತು. ಅವರೂ ಬಾಬ್ ಫ್ರಾಂಕ್‌ಸ್ಟನ್ ಅವರೂ ಸೇರಿ 1979ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಎಂಬ ತಂತ್ರಾಂಶವನ್ನು ಹೊರತಂದರು. 1985ರಲ್ಲಿ ಬಂದ ಮೈಕ್ರೋಸಾಫ್ಟ್ ಎಕ್ಸೆಲ್ ಇಂದು ಬಹಳಷ್ಟು ಕಚೇರಿಗಳಲ್ಲಿ ಕಾಣುತ್ತದೆ. ಹಣ ಕೊಟ್ಟು ಎಕ್ಸೆಲ್ ಕೊಳ್ಳಲು ಮನಸ್ಸಿಲ್ಲದವರು ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಕ್ಯಾಲ್ಕ್ ಅಥವಾ ಗೂಗಲ್ ಶೀಟ್ಸ್ ಬಳಸಬಹುದು. ಇಲ್ಲಿ ಹೇಳುವ ವಿಷಯಗಳು ಮೂರಕ್ಕೂ ಹೊಂದುತ್ತವೆ.

ಹಾಳೆಯನ್ನು ತೆರೆದರೆ ಚೌಕಗಳು ಕಾಣುತ್ತವೆ. ಒಂದೊಂದು ಚೌಕವೂ ಒಂದು ಸೆಲ್. ಮೇಲಿನಿಂದ ಕೆಳಕ್ಕೆ ಇಳಿಯುವ ಕಂಬಗಳಿಗೆ ಎ, ಬಿ, ಸಿ ಎಂದು ಇಂಗ್ಲಿಷ್ ಅಕ್ಷರಗಳ ಹೆಸರಿದೆ, ಅಡ್ಡ ಸಾಲುಗಳಿಗೆ 1, 2, 3 ಎಂಬ ಸಂಖ್ಯೆಯಿದೆ. ಎ ಕಂಬ ಮತ್ತು 2ನೆಯ ಸಾಲು ಕೂಡುವ ಚೌಕದ ವಿಳಾಸ ಎ2. ಓದಲು ಅನುಕೂಲವಾಗಲೆಂದು ಈ ಬರಹದಲ್ಲಿ ಅಕ್ಷರಗಳನ್ನೂ ಸೂತ್ರಗಳ ಹೆಸರನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಹಾಳೆಯಲ್ಲಿ ಟೈಪ್ ಮಾಡುವಾಗ ಅವುಗಳ ಬದಲು ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು.

ಈಗ ಒಂದು ಚಿಕ್ಕ ಲೆಕ್ಕವನ್ನು ಹಾಕೋಣ. ಮೊದಲ ಸಾಲಿನಲ್ಲಿ ಎ1ರಿಂದ ಜಿ1ರವರೆಗೆ ದಿನಾಂಕ, ರೈತರ ಹೆಸರು, ತಳಿ, ಚೀಲ, ತೂಕ, ದರ, ಮೊತ್ತ ಎಂದು ತಲೆಬರಹಗಳನ್ನು ಬರೆಯಿರಿ. 2ನೆಯ ಸಾಲಿನಲ್ಲಿ ಕಡ್ಡಿ ತಳಿಯ 3 ಚೀಲ, ತೂಕ 124.5 ಕೆ.ಜಿ., ಕ್ವಿಂಟಲಿಗೆ 28,500 ರೂಪಾಯಿ ದರ. 3ನೆಯ ಸಾಲಿನಲ್ಲಿ ಡಬ್ಬಿಯ 2 ಚೀಲ, 86 ಕೆ.ಜಿ., ದರ 32,000. 4ನೆಯ ಸಾಲಿನಲ್ಲಿ ಗುಂಟೂರಿನ 5 ಚೀಲ, 210 ಕೆ.ಜಿ., ದರ 14,000 ಎಂದಿರಲಿ. ಈ ದರಗಳು ಕಲಿಕೆಗಾಗಿ ಹಾಕಿದವು, ಪೇಟೆಯ ಧಾರಣೆಯಲ್ಲ.

ತೂಕದ ಸೆಲ್‌ನಲ್ಲಿ 124.5 ಎಂದಷ್ಟೇ ಬರೆಯಬೇಕು, ಮುಂದೆ ಕೆ.ಜಿ. ಎಂದು ಸೇರಿಸಬಾರದು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಅಂಕಿಯ ಜೊತೆ ಅಕ್ಷರ ಸೇರಿದ ಕೂಡಲೇ ಕಂಪ್ಯೂಟರ್ ಅದನ್ನು ಪಠ್ಯವೆಂದು ತಿಳಿಯುತ್ತದೆ; ಕೂಡಿಸುವ ಸೂತ್ರ ಪಠ್ಯವನ್ನು ಬಿಟ್ಟು ಮುಂದೆ ಹೋಗುತ್ತದೆ. ಕಂಬದ ತುಂಬ ಹಾಗೆಯೇ ಬರೆದಿದ್ದರೆ ಮೊತ್ತ 0 ಎಂದು ಬರುತ್ತದೆ, ಆಗ ತಪ್ಪು ಗೊತ್ತಾಗುತ್ತದೆ. ಆದರೆ ಹತ್ತರಲ್ಲಿ ಒಂದು ಸೆಲ್ ಮಾತ್ರ ಹಾಗಿದ್ದರೆ ಮೊತ್ತ ಕಡಿಮೆ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಕಣ್ಣಳತೆಯಲ್ಲೇ ಹಿಡಿಯಲು ಒಂದು ಗುರುತಿದೆ: ನಾವು ಏನನ್ನೂ ಬದಲಿಸದಿದ್ದರೆ ಅಂಕಿಗಳು ಸೆಲ್‌ನ ಬಲಕ್ಕೆ, ಪಠ್ಯ ಎಡಕ್ಕೆ ಒರಗಿ ನಿಲ್ಲುತ್ತವೆ. ಆದ್ದರಿಂದ ಲೆಕ್ಕ ಗಟ್ಟಿಯಾಗುವವರೆಗೆ ಅಂಕಿಗಳನ್ನು ಅಂದಕ್ಕಾಗಿ ನಡುವಿಗೆ ತರಬೇಡಿ. ತಂದರೆ ಈ ಗುರುತು ಅಳಿಸಿಹೋಗುತ್ತದೆ. ಅಳತೆಯ ಹೆಸರನ್ನು ತಲೆಬರಹದಲ್ಲಿ ಬರೆದರೆ ಸಾಕು: ತೂಕ, ಕೆ.ಜಿ.; ದರ, ಕ್ವಿಂಟಲಿಗೆ.

ಮೊತ್ತ ತೆಗೆಯಲು ಜಿ2 ಸೆಲ್ ಮೇಲೆ ಕ್ಲಿಕ್ ಮಾಡಿ ಹೀಗೆ ಬರೆಯಿರಿ:

=ಇ2*ಎಫ್2/100

ಸಮ ಚಿಹ್ನೆಯಿಂದ ಶುರುವಾದದ್ದೆಲ್ಲ ಸೂತ್ರ. ನಕ್ಷತ್ರ ಚಿಹ್ನೆ ಗುಣಾಕಾರಕ್ಕೆ, ಓರೆ ಗೆರೆ ಭಾಗಾಕಾರಕ್ಕೆ. ತೂಕ ಕೆ.ಜಿ.ಯಲ್ಲಿದ್ದು ದರ ಕ್ವಿಂಟಲಿಗೆ ಇರುವುದರಿಂದ 100ರಿಂದ ಭಾಗಿಸಲೇಬೇಕು. ಎಂಟರ್ ಒತ್ತಿದರೆ 35482.5 ಎಂದು ಬರುತ್ತದೆ. ಮತ್ತೆ ಜಿ2ಕ್ಕೆ ಹೋದರೆ ಸೆಲ್‌ನ ಬಲಗಡೆಯ ಕೆಳಮೂಲೆಯಲ್ಲಿ ಒಂದು ಪುಟ್ಟ ಗುರುತು ಕಾಣುತ್ತದೆ. ಅದನ್ನು ಮೌಸಿನಿಂದ ಹಿಡಿದು ಜಿ4ರವರೆಗೆ ಎಳೆಯಿರಿ. 3ನೆಯ ಸಾಲಿನಲ್ಲಿ ಸೂತ್ರ ತಾನೇ ಇ3, ಎಫ್3 ಎಂದು ಬದಲಾಗಿ 27520 ಬರುತ್ತದೆ, 4ನೆಯದರಲ್ಲಿ 29400. ಇನ್ನು ತೂಕವನ್ನು 124.5ರ ಬದಲು 125.5 ಎಂದು ತಿದ್ದಿ ನೋಡಿ. ಮೊತ್ತ ನಿಮ್ಮ ಕಣ್ಣೆದುರೇ 35767.5 ಆಗುತ್ತದೆ. ಕಲಿಯುವವರು ಇದನ್ನು ಮೊದಲ ಸಲ ನೋಡಿದಾಗ ಅವರ ಮುಖದಲ್ಲಿ ಮೂಡುವ ಬೆಳಕನ್ನು ಕಾಣುವುದೆಂದರೆ ನನಗೆ ಇಂದಿಗೂ ಖುಷಿ. ನೋಡಿದ ಮೇಲೆ ತೂಕವನ್ನು 124.5ಕ್ಕೆ ಮರಳಿ ತನ್ನಿ.

ಒಟ್ಟು ಮೊತ್ತಕ್ಕೆ ಒಂದು ಸಾಲು ಖಾಲಿ ಬಿಟ್ಟು ಜಿ6ರಲ್ಲಿ ಹೀಗೆ ಬರೆಯಬೇಕು:

=ಸಮ್(ಜಿ2:ಜಿ4)

ನಡುವಿನ ಎರಡು ಚುಕ್ಕೆಗಳಿಗೆ 'ಇಲ್ಲಿಂದ ಅಲ್ಲಿಯವರೆಗೆ' ಎಂಬ ಅರ್ಥ. ಉತ್ತರ 92402.5. ಇದೇ ರೀತಿ ಇ6ರಲ್ಲಿ ತೂಕ ಕೂಡಿದರೆ 420.5 ಬರುತ್ತದೆ.

ಆ ದಿನದ ಸರಾಸರಿ ದರ ಎಷ್ಟು ಎಂದು ಮಾಲೀಕರು ಕೇಳಿದರೆ ಹೊಸಬರು ಸರಾಸರಿಯ ಸೂತ್ರವಾದ ಆವರೇಜ್ ಅನ್ನು ದರದ ಕಂಬಕ್ಕೆ ಹಾಕುತ್ತಾರೆ. 24,833 ಎಂಬ ಉತ್ತರವೂ ಬರುತ್ತದೆ. ಸೂತ್ರ ಸರಿಯಾಗಿದೆ, ಉತ್ತರ ಮಾತ್ರ ಕೆಲಸಕ್ಕೆ ಬಾರದು. ಏಕೆಂದರೆ 86 ಕೆ.ಜಿ. ಡಬ್ಬಿಯ ದರಕ್ಕೂ 210 ಕೆ.ಜಿ. ಗುಂಟೂರಿನ ದರಕ್ಕೂ ಅದು ಒಂದೇ ಮಹತ್ವ ಕೊಟ್ಟಿದೆ. ನಿಜವಾದ ಸರಾಸರಿಗೆ ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸಬೇಕು, ಅಂದರೆ =ಜಿ6/ಇ6*100. ಆಗ ಬರುವುದು 21,974. ಕ್ವಿಂಟಲಿಗೆ ಸುಮಾರು 2,860 ರೂಪಾಯಿಯ ಅಂತರ ಇದು. ನಾವು ಕೇಳಿದ್ದನ್ನು ಸ್ಪ್ರೆಡ್‌ಶೀಟ್ ತಪ್ಪಿಲ್ಲದೆ ಮಾಡುತ್ತದೆ, ಕೇಳಬೇಕಾದದ್ದು ಅದೇ ಹೌದೋ ಎಂದು ನೋಡುವುದಿಲ್ಲ.

ಹಮಾಲಿಯ ಲೆಕ್ಕ ಬಂದಾಗ ಇನ್ನೊಂದು ವಿಷಯ ತಿಳಿದಿರಬೇಕು. ಚೀಲಕ್ಕೆ ಇಂತಿಷ್ಟು ಎಂಬ ಹಮಾಲಿ ದರವನ್ನು ಸೂತ್ರದೊಳಗೆ ಹುದುಗಿಸಬೇಡಿ. ಜೆ1ರಂಥ ಬೇರೊಂದು ಸೆಲ್‌ನಲ್ಲಿ ಕಾಣುವಂತೆ ಇಡಿ, ಪಕ್ಕದಲ್ಲಿ ಅದೇನೆಂದು ಬರೆಯಿರಿ. ನಂತರ ಎಚ್2ರಲ್ಲಿ =ಡಿ2*ಜೆ1 ಎಂದು ಬರೆದು ಕೆಳಗೆ ಎಳೆದರೆ 3ನೆಯ ಸಾಲಿನಲ್ಲಿ ಅದು ಜೆ2 ಎಂದು ಜಾರುತ್ತದೆ, ಅಲ್ಲಿ ಏನೂ ಇಲ್ಲದ ಕಾರಣ ಹಮಾಲಿ 0 ಎಂದು ಬೀಳುತ್ತದೆ. ಜಾರದಂತೆ ಮೊಳೆ ಹೊಡೆಯುವುದು ಡಾಲರ್ ಚಿಹ್ನೆಯ ಕೆಲಸ: =ಡಿ2*$ಜೆ$1 ಎಂದು ಬರೆದರೆ ಎಷ್ಟು ಕೆಳಗೆ ಎಳೆದರೂ ಸೂತ್ರ ಜೆ1ನ್ನೇ ನೋಡುತ್ತದೆ. ಮುಂದಿನ ವರ್ಷ ದರ ಹೆಚ್ಚಾದಾಗ ಹೊಸ ಹಾಳೆಯ ಒಂದು ಸೆಲ್ ಬದಲಿಸಿದರೆ ಮುಗಿಯಿತು.

ದಿನಾಂಕವನ್ನೂ ಖಾತೆ ಸಂಖ್ಯೆಯನ್ನೂ ಬರೆಯುವಾಗ ವಿಶೇಷ ಎಚ್ಚರ ಬೇಕು. ಕಂಪ್ಯೂಟರಿನ ಅಥವಾ ಹಾಳೆಯ ಪ್ರದೇಶದ ಆಯ್ಕೆ ಅಮೆರಿಕ ಎಂದಿದ್ದರೆ 3/4 ಎಂಬುದು ಏಪ್ರಿಲ್ 3 ಆಗದೆ ಮಾರ್ಚ್ 4 ಆಗುತ್ತದೆ. 13/4/2024 ಎಂದು ಬರೆದರೆ ಹದಿಮೂರನೆಯ ತಿಂಗಳಿಲ್ಲದ ಕಾರಣ ಅದು ಪಠ್ಯವಾಗಿ ಎಡಕ್ಕೆ ಸರಿಯುತ್ತದೆ. ಆಯ್ಕೆಯನ್ನು ಭಾರತ ಎಂದು ಬದಲಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ. ಖಾತೆ ಸಂಖ್ಯೆಯ ವಿಷಯ ಇನ್ನೂ ಗಂಭೀರ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಸರಿಯಾಗಿ ಹಿಡಿದಿಡುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯನ್ನು ಹಾಗೆಯೇ ಟೈಪ್ ಮಾಡಿದರೆ ಕೊನೆಯ ಅಂಕಿ 0 ಆಗಿಬಿಡುತ್ತದೆ, ಮೊದಲಿಗೆ ಸೊನ್ನೆಯಿದ್ದರೆ ಅದೂ ಬಿದ್ದುಹೋಗುತ್ತದೆ. ರೈತರಿಗೆ ಹಣ ಹಾಕುವ ಪಟ್ಟಿಯಲ್ಲಿ ಇಂಥ ತಪ್ಪು ಆಗಕೂಡದು. ಸಂಖ್ಯೆಗೆ ಮೊದಲು ಒಂಟಿ ಉದ್ಧರಣ ಚಿಹ್ನೆ ಒತ್ತಿ ನಂತರ ಅಂಕಿಗಳನ್ನು ಬರೆದರೆ ಅದು ಪಠ್ಯವಾಗಿ ಇದ್ದ ಹಾಗೆಯೇ ಉಳಿಯುತ್ತದೆ. ಕೂಡಿಸುವ, ಗುಣಿಸುವ ಅಗತ್ಯವಿಲ್ಲದ ಅಂಕಿಗಳೆಲ್ಲ ಪಠ್ಯವಾಗಿಯೇ ಇರಲಿ ಎಂಬುದು ನನ್ನ ನಿಯಮ.

ಹೆಸರುಗಳನ್ನು ಕನ್ನಡದಲ್ಲಿ ಬರೆಯುವವರು ಎಲ್ಲ ಕಂಪ್ಯೂಟರು, ಫೋನುಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಬರೆಯಬೇಕು. ಹಳೆಯ ನುಡಿ ಫಾಂಟುಗಳಲ್ಲಿ ಬರೆದದ್ದು ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಅಕಾರಾದಿಯಾಗಿಯೂ ಜೋಡಣೆಯಾಗುವುದಿಲ್ಲ. ತಳಿಯ ಹೆಸರನ್ನು ಒಂದು ಕಡೆ 'ಕಡ್ಡಿ', ಇನ್ನೊಂದು ಕಡೆ 'ಬ್ಯಾಡಗಿ ಕಡ್ಡಿ' ಎಂದು ಬರೆದರೆ ಕಂಪ್ಯೂಟರಿಗೆ ಅವು ಎರಡು ತಳಿಗಳು. ಒಂದೇ ರೂಪದಲ್ಲಿ ಬರೆದಿದ್ದರೆ =ಸಮ್‌ಇಫ್(ಸಿ2:ಸಿ4,"ಕಡ್ಡಿ",ಜಿ2:ಜಿ4) ಎಂಬ ಸೂತ್ರ ಕಡ್ಡಿಯಿಂದ ಬಂದ ಹಣವನ್ನಷ್ಟೇ ಕೂಡಿ ಕೊಡುತ್ತದೆ. ಉದ್ಧರಣ ಚಿಹ್ನೆಯೊಳಗಿನ ಹೆಸರನ್ನು ಮಾತ್ರ ಹಾಳೆಯಲ್ಲಿರುವಂತೆ ಕನ್ನಡದಲ್ಲೇ ಬರೆಯಬೇಕು.

ಸಾಲುಗಳನ್ನು ಹೆಸರಿನ ಪ್ರಕಾರ ಜೋಡಿಸುವ ಸಾರ್ಟ್ ಆಜ್ಞೆ ಬಹಳ ಉಪಯುಕ್ತ, ಅಷ್ಟೇ ಅಪಾಯಕಾರಿ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಹೆಸರಿನ ಕಂಬವೊಂದನ್ನೇ ಆಯ್ದು ಸಾರ್ಟ್ ಮಾಡಿದೆ. ಪರದೆಯ ಮೇಲೆ ಎಚ್ಚರಿಕೆಯ ಸಂದೇಶ ಬಂದದ್ದನ್ನು ಓದದೆ ಮುಂದುವರಿದೆ. ಹೆಸರುಗಳು ಅಚ್ಚುಕಟ್ಟಾಗಿ ಕುಳಿತವು, ತೂಕ ಮತ್ತು ಹಣ ಇದ್ದಲ್ಲಿಯೇ ಉಳಿದವು. ಒಬ್ಬರ ಮಾಲು ಇನ್ನೊಬ್ಬರ ಹೆಸರಿಗೆ ಬಂದಿತು. ಒಟ್ಟು ಮೊತ್ತ ಒಂದು ರೂಪಾಯಿಯೂ ಬದಲಾಗದ ಕಾರಣ ಸಂಜೆಯವರೆಗೂ ತಪ್ಪು ತಿಳಿಯಲಿಲ್ಲ. ವಯಸ್ಸಾದ ರೈತರೊಬ್ಬರು ತಮ್ಮ ಪಟ್ಟಿ ನೋಡಿ, 'ತಮ್ಮಾ, ನಾ ತಂದದ್ದು ಎರಡ ಚೀಲ, ಇಲ್ಲೆ ಐದ ಬರದೀಯಲ್ಲ' ಎಂದಾಗಲೇ ನನ್ನ ಎದೆ ಧಸಕ್ಕೆಂದಿತು. ಹೆಚ್ಚು ಬಂದ ಹಣವನ್ನು ಇಟ್ಟುಕೊಳ್ಳದೆ ಹೇಳಿದ ಅವರನ್ನು ನಾನು ಮರೆತಿಲ್ಲ. ಸಾರ್ಟ್ ಮಾಡುವ ಮೊದಲು ಎ1ರಿಂದ ಕೊನೆಯ ದಾಖಲೆಯವರೆಗೆ ಇಡೀ ಕೋಷ್ಟಕವನ್ನು ಆಯ್ದುಕೊಳ್ಳಬೇಕು, ಒಟ್ಟು ಮೊತ್ತದ ಸಾಲನ್ನು ಹೊರಗಿಡಬೇಕು. ತಪ್ಪಾದರೆ ಕೂಡಲೇ ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಹಿಂದಿನ ಸ್ಥಿತಿ ಮರಳುತ್ತದೆ. ಕೆಲವು ಸಾಲುಗಳನ್ನಷ್ಟೇ ನೋಡಬೇಕಿದ್ದರೆ ಫಿಲ್ಟರ್ ಸಾಕು. ಅದು ಸಾಲುಗಳನ್ನು ಮರೆಮಾಡುತ್ತದೆಯೇ ಹೊರತು ಕದಲಿಸುವುದಿಲ್ಲ.

ಪ್ರತಿ ಪೇಟೆಯ ದಿನದ ಕೊನೆಗೆ ಕಡತವನ್ನು ದಿನಾಂಕದ ಹೆಸರಿನಲ್ಲಿ ಉಳಿಸಿ, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿಯೂ ಇಡಿ. ಮೊದಲ ತಿಂಗಳು ಕಿರ್ದಿಯನ್ನು ಕೈಯಿಂದ ಬರೆಯುವುದನ್ನು ನಿಲ್ಲಿಸಬೇಡಿ. ಎರಡೂ ಮೊತ್ತಗಳು ತಾಳೆಯಾಗದಿದ್ದರೆ ಮೊದಲಿನಿಂದ ಓದುತ್ತ ಕೂರುವ ಅಗತ್ಯವಿಲ್ಲ: ಅರ್ಧ ಸಾಲುಗಳನ್ನು ಮಾತ್ರ ಎರಡೂ ಕಡೆ ಕೂಡಿ ನೋಡಿ, ವ್ಯತ್ಯಾಸ ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡಿ. ತಪ್ಪು ಒಂದೇ ಆಗಿದ್ದರೆ ನೂರು ಸಾಲುಗಳಿದ್ದರೂ ಏಳು ಸಲಕ್ಕಿಂತ ಹೆಚ್ಚು ಕೂಡದೆ ಆ ಸಾಲು ಸಿಗುತ್ತದೆ. ತಿದ್ದುವುದು ತೂಕವನ್ನೋ ದರವನ್ನೋ ಆಗಿರಲಿ, ಮೊತ್ತದ ಸೆಲ್ ಮೇಲೆ ಕೈಯಿಡಬೇಡಿ.