ಹೆಪಟೈಟಿಸ್ ಸಿ ಎಷ್ಟು ಜನಕ್ಕಿದೆ? ಮೊದಲು ಯಾರ ರಕ್ತ ಅಂತ ಕೇಳಿ

ಬೆಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ರಕ್ತದಾನ ಶಿಬಿರದ ಸ್ಯಾಂಪಲ್ಲೂ ನನ್ನ ಕೈಗೆ ಬರುತ್ತದೆ, ಡಯಾಲಿಸಿಸ್ ರೋಗಿಗಳದ್ದೂ ಬರುತ್ತದೆ. ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ಸಿಗೆ ಮಾಡುವ ಟೆಸ್ಟ್ ಒಂದೇ, ಫಲಿತಾಂಶಕ್ಕೆ ಮಾತ್ರ ಅಜಗಜಾಂತರ. ಜಯನಗರದ ಕಾಲೇಜಿನ ಶಿಬಿರದಲ್ಲಿ ಇಡೀ ದಿನ ಒಂದೂ ಪಾಸಿಟಿವ್ ಸಿಗದೆ ಇರಬಹುದು. ಹಾಗಂತ ಊರಲ್ಲಿ ಸೋಂಕೇ ಇಲ್ಲ ಅನ್ನೋಕಾಗಲ್ಲ, ಯಾಕಂದ್ರೆ ದಾನಿಗಳು ಹೆಚ್ಚಾಗಿ ಹುಡುಗರು, ಗಟ್ಟಿಮುಟ್ಟಾದವರು, ಪ್ರಶ್ನೆ ಕೇಳಿ ಸೋಸಿದ ಮೇಲೆ ಒಳಗೆ ಬಿಟ್ಟವರು.

ಅದಕ್ಕೇ ರಿಜಿಸ್ಟರಿನಲ್ಲಿ ಒಬ್ಬೊಬ್ಬರ ಹಿನ್ನೆಲೆಯನ್ನೂ ಬರೆಯತೊಡಗಿದೆ. ದಾನಿಗಳು, ಡಯಾಲಿಸಿಸ್‌ನವರು, ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕಾದ ಥಲಸ್ಸೇಮಿಯಾ ಮಕ್ಕಳು, ಎಚ್‌ಐವಿ ಇರುವವರು, ಸೂಜಿಯಲ್ಲಿ ಡ್ರಗ್ಸ್ ತೆಗೆದುಕೊಂಡವರು. ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 0.3% ಜನರ ರಕ್ತದಲ್ಲಿ ಇದರ ಆ್ಯಂಟಿಬಾಡಿ (ವೈರಸ್ ವಿರುದ್ಧ ದೇಹವೇ ತಯಾರಿಸುವ ಪ್ರೋಟೀನ್) ಇದೆ, ಅಂದರೆ ಸಾವಿರಕ್ಕೆ ಮೂರು ಜನ. ಪಂಜಾಬಿನಲ್ಲಿ ಅದರ ಎಷ್ಟೋ ಪಟ್ಟು ಜಾಸ್ತಿ. ಸೂಜಿ ಹಂಚಿಕೊಳ್ಳುವವರಲ್ಲಂತೂ ಈ ಸರಾಸರಿಗೆ ಅರ್ಥವೇ ಇಲ್ಲ.

ಕಷ್ಟದ ಕೆಲಸ ಅಂದ್ರೆ ಹಿನ್ನೆಲೆ ಕೇಳೋದು. 'ರಕ್ತ ಹಾಕಿಸಿಕೊಂಡಿದ್ದೀರಾ?' ಅಂದ್ರೆ ವಯಸ್ಸಾದ ಹೆಂಗಸರು ಇಲ್ಲ ಅಂದುಬಿಡುತ್ತಾರೆ. 'ಹೆರಿಗೆ ಟೈಮಲ್ಲಿ ಬಾಟ್ಲು ಹಾಕಿದ್ರಾ, ಬಿಳಿದಾ ಕೆಂಪುದಾ?' ಅಂತ ಕೇಳಿ ನೋಡಿ, ಆಗ ಥಟ್ಟನೆ ನೆನಪಾಗುತ್ತದೆ. ಯಾವ ವರ್ಷ ಅನ್ನೋದನ್ನೂ ಬಿಡಬಾರದು. ಈ ವೈರಸ್ ಪತ್ತೆಯಾಗಿದ್ದೇ 1989ರಲ್ಲಿ, ನಮ್ಮಲ್ಲಿ ದಾನಿಗಳ ರಕ್ತಕ್ಕೆ ಈ ಟೆಸ್ಟ್ ಕಡ್ಡಾಯವಾಗಿದ್ದು ಅದಕ್ಕೂ ಹತ್ತು ವರ್ಷಕ್ಕಿಂತ ಜಾಸ್ತಿ ಆದಮೇಲೆ. ಡ್ರಗ್ಸ್ ವಿಷಯ ಮನೆಯವರ ಮುಂದೆ ಕೇಳಲೇಬೇಡಿ. ನಾನಂತೂ ಸ್ಯಾಂಪಲ್ ತೆಗೆಯುವಾಗ ಒಬ್ಬರೇ ಇದ್ದರೆ ಮಾತ್ರ ಕೇಳುತ್ತೇನೆ.

ಆ್ಯಂಟಿಬಾಡಿ ಹುಡುಕುವ ಕಾರ್ಡ್ ಟೆಸ್ಟಿನಲ್ಲಿ 'ಸಿ' ಗೆರೆ (ಕಾರ್ಡ್ ಸರಿಯಾಗಿ ಕೆಲಸ ಮಾಡಿದೆ ಅನ್ನೋದರ ಗುರುತು) ಬರಲೇಬೇಕು, ಇಲ್ಲದಿದ್ರೆ ಆ ಕಾರ್ಡೇ ಲೆಕ್ಕಕ್ಕಿಲ್ಲ. 'ಟಿ' ಗೆರೆ ಎಷ್ಟೇ ತೆಳುವಾಗಿರಲಿ, ಟ್ಯೂಬ್‌ಲೈಟ್ ಕೆಳಗೆ ಹಿಡಿದಾಗ ಕಂಡರೆ ಅದು ರಿಯಾಕ್ಟಿವ್, ಅಂದರೆ ಆ್ಯಂಟಿಬಾಡಿ ಸಿಕ್ಕಿದೆ ಅಂತ. ಹೇಳಿದ ಸಮಯ ಮೀರಿದ ಮೇಲೆ ಮೂಡಿದ ಗೆರೆಯನ್ನು ಮಾತ್ರ ನಂಬಬೇಡಿ.

ಆದ್ರೆ ರಿಯಾಕ್ಟಿವ್ ಬಂತು ಅಂದ ಮಾತ್ರಕ್ಕೆ ಈಗಲೂ ಸೋಂಕಿದೆ ಅಂತಲ್ಲ. ಸೋಂಕು ತಗುಲಿದವರಲ್ಲಿ 15ರಿಂದ 45% ಜನರಿಗೆ ಔಷಧಿ ಇಲ್ಲದೆಯೇ ವೈರಸ್ ಹೋಗುತ್ತದೆ, ಆ್ಯಂಟಿಬಾಡಿ ಮಾತ್ರ ಉಳಿಯುತ್ತದೆ. ಹಾಗಾಗಿ ನನ್ನ ರಿಜಿಸ್ಟರಿನಲ್ಲಿ ಎರಡು ಕಾಲಂ: ಒಂದು ಆ್ಯಂಟಿಬಾಡಿ, ಇನ್ನೊಂದು ಆರ್‌ಎನ್‌ಎ, ಅಂದರೆ ವೈರಸ್ಸೇ ಈಗ ರಕ್ತದಲ್ಲಿ ಇದೆಯಾ ಅಂತ ನೋಡುವ ಟೆಸ್ಟ್. ಎರಡನೆಯದು ಖಾಲಿ ಇದ್ದರೆ ನನಗೆ ಸಮಾಧಾನ ಇಲ್ಲ, ಫೋನ್ ಮಾಡಿ ಕರೆಸುತ್ತೇನೆ. ಡಯಾಲಿಸಿಸ್‌ನವರಲ್ಲಿ ಕೆಲವೊಮ್ಮೆ ಉಲ್ಟಾ, ವೈರಸ್ ಇದ್ದರೂ ಆ್ಯಂಟಿಬಾಡಿ ಕಾಣಲ್ಲ. ಅವರಿಗೆ ಆರು ತಿಂಗಳಿಗೊಮ್ಮೆ ಟೆಸ್ಟ್ ಬೇಕೇ ಬೇಕು.

2018ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಇದರ ಮಾತ್ರೆಗಳು ಉಚಿತ. ಸಾಮಾನ್ಯವಾಗಿ ಹನ್ನೆರಡು ವಾರ ತಗೊಂಡರೆ 95%ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಗುಣವಾದ ಮೇಲೂ ಕಾರ್ಡಿನಲ್ಲಿ ಆ ಗೆರೆ ಬರುತ್ತಲೇ ಇರುತ್ತದೆ. ಅದಕ್ಕೇ ಆರ್‌ಎನ್‌ಎ ನೆಗೆಟಿವ್ ರಿಪೋರ್ಟಿನ ಜೆರಾಕ್ಸ್ ಜೊತೆಗಿಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳಿ ಕಳಿಸುತ್ತೇನೆ.