ಗುಮ್ಮಟ ಇಲ್ಲದ ರಿಯಾಕ್ಟರಿನ ಕಾವಿನ ಲೆಕ್ಕ

ನಾನು ಅಣುಶಕ್ತಿ ಇಲಾಖೆಯವನಲ್ಲ. ಪುಣೆಯ ಭೋಸರಿ ಎಂಐಡಿಸಿಯಲ್ಲಿ ವ್ಯಾಕ್ಯೂಮ್ ಫರ್ನೇಸ್ ಡಿಸೈನ್ ಮಾಡುವವನು. ಡೈ, ಗೇರು, ಟೂಲ್ ಸ್ಟೀಲ್ ಹದ ಮಾಡುವ ಫರ್ನೇಸ್‌ಗಳು. ಒಳಗೆಲ್ಲ ಗ್ರಾಫೈಟ್ ಹೀಟರ್, ಗ್ರಾಫೈಟ್ ಫೆಲ್ಟ್. ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಹೀಲಿಯಂ. ಇವೆರಡನ್ನೇ ನಂಬಿ ನಡೆಯುವ ರಿಯಾಕ್ಟರ್ ಒಂದಿದೆ ಎಂದು ಗೊತ್ತಾದಾಗ ಸುಮ್ಮನೆ ಓದಿ ಬಿಡಲು ಆಗಲಿಲ್ಲ. ಎಕ್ಸೆಲ್ ತೆರೆದು ಕೂತೆ.

ಕೆಣಕಿದ್ದು ಕಾರವಾರದ ನಮ್ಮ ಭಾವ. ಪುಣೆಗೆ ಬಂದಾಗಲೆಲ್ಲ ಕೈಗಾ ಮಾತು ಬಂದೇ ಬರುತ್ತದೆ. ಚೀನಾದ ಶಾಂಡಾಂಗ್‌ನಲ್ಲಿ ಶಿದಾವ್ ಕೊಲ್ಲಿಯ ಹತ್ತಿರ ಹೀಲಿಯಂ ಗ್ಯಾಸಿನಿಂದ ತಂಪಾಗುವ ರಿಯಾಕ್ಟರ್ ಓಡುತ್ತಿದೆ, ಅದಕ್ಕೆ ಒತ್ತಡ ತಡೆಯುವ ಗುಮ್ಮಟವೇ ಇಲ್ಲ ಎಂದೆ. "ಅಲ್ಲ ಮಾರಾಯ, ಕೈಗಾದಲ್ಲಿ ಒಂದರ ಮೇಲೊಂದು ಎರಡು ಗುಮ್ಮಟ ಕಟ್ಟಿದ್ದಾರೆ. ಅವರು ಸಾದಾ ಕಟ್ಟಡದಲ್ಲಿ ಇಟ್ಟುಕೊಂಡು ಕೂತಿದ್ದಾರಾ?" ಎಂದರು. 1994ರಲ್ಲಿ ಕೈಗಾದ ಒಳಗುಮ್ಮಟ ಕಟ್ಟುವಾಗಲೇ ಕಾಂಕ್ರೀಟ್ ಕಳಚಿ ಬಿದ್ದದ್ದು ಆ ಕಡೆಯ ಜನ ಇನ್ನೂ ಮರೆತಿಲ್ಲ. ಹಾಗಾಗಿ ಅವರ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿರಲಿಲ್ಲ.

ಗುಮ್ಮಟ ಯಾಕೆ ಬೇಕು ಎಂಬುದು ಸುಲಭ. ಕೈಗಾದ ಕೊಳವೆಗಳಲ್ಲಿ ಓಡುವುದು ಭಾರಜಲ, ಅದೂ ತುಂಬಾ ಬಿಸಿ, ತುಂಬಾ ಒತ್ತಡ. ಕೊಳವೆ ಒಡೆದರೆ ಆ ನೀರು ಕ್ಷಣದಲ್ಲಿ ಆವಿಯಾಗಿ ಉಬ್ಬುತ್ತದೆ. ಆ ಹೊಡೆತ ತಡೆಯಲು ಗಟ್ಟಿ ಕಟ್ಟಡ ಬೇಕೇ ಬೇಕು. ಹೀಲಿಯಂ ಮೊದಲಿನಿಂದಲೂ ಗ್ಯಾಸ್. ಶಿದಾವ್ ರಿಯಾಕ್ಟರಿನಲ್ಲಿ ಅದು 250 ಡಿಗ್ರಿಯಲ್ಲಿ ಒಳಗೆ ಹೋಗಿ 750 ಡಿಗ್ರಿಯಲ್ಲಿ ಹೊರಬರುತ್ತದೆ. ಒತ್ತಡ ಸುಮಾರು 70 ಬಾರ್. ಸೋರಿದರೆ ಸೋರಿತು, ಆದರೆ ಕುದಿದು ಉಬ್ಬುವುದಿಲ್ಲ.

ವಿಕಿರಣ ವಸ್ತುವನ್ನು ಹಿಡಿದಿಡುವ ಕೆಲಸ ಇಲ್ಲಿ ಇಂಧನದ ಕಣದ್ದೇ. ಟ್ರೈಸೋ ಎಂದು ಅದರ ಹೆಸರು. ಗಾತ್ರದಲ್ಲಿ ಗಸಗಸೆ ಕಾಳು. ನಡುವೆ ಅರ್ಧ ಮಿಲಿಮೀಟರ್ ಯುರೇನಿಯಂ ಆಕ್ಸೈಡ್, ಸುತ್ತ ಕಾರ್ಬನ್ ಪದರಗಳು, ಅವುಗಳ ನಡುವೆ ತೆಳ್ಳಗಿನ ಸಿಲಿಕಾನ್ ಕಾರ್ಬೈಡ್ ಪದರ. ಇಂಥ ಸುಮಾರು 12,000 ಕಣಗಳನ್ನು ಗ್ರಾಫೈಟಿನಲ್ಲಿ ಕಲಸಿ 6 ಸೆಂಟಿಮೀಟರಿನ ಒಂದು ಗುಂಡು ಮಾಡುತ್ತಾರೆ. ಶಿದಾವ್‌ನಲ್ಲಿ ಇಂಥ ಎರಡು ರಿಯಾಕ್ಟರುಗಳಿವೆ, ಒಂದೊಂದರಲ್ಲೂ 4,20,000 ಗುಂಡು. ಲೆಕ್ಕ ಹಾಕಿದರೆ 500 ಕೋಟಿ ಪುಟ್ಟ ಡಬ್ಬಿಗಳು. ಸುಮಾರು 1,600 ಡಿಗ್ರಿಯವರೆಗೂ ಈ ಡಬ್ಬಿ ಸೀಸಿಯಂ, ಅಯೋಡಿನ್‌ನಂಥವನ್ನು ಬಿಡದೆ ಹಿಡಿದಿರುತ್ತದೆ. ಬೆಳ್ಳಿಯ ಒಂದು ಐಸೊಟೋಪ್ ಮಾತ್ರ ಸ್ವಲ್ಪ ನುಸುಳುತ್ತದೆ.

ಅಲ್ಲಿಗೆ ಪ್ರಶ್ನೆ ನನ್ನ ಕಸುಬಿನದೇ ಆಯಿತು. ಹೀಲಿಯಂ ಪೂರ್ತಿ ಸೋರಿಹೋಗಿ, ಕರೆಂಟೂ ಹೋಗಿ, ಯಾರೂ ಏನೂ ಮಾಡದಿದ್ದರೆ ಒಳಗಿನ ಕಾವು 1,600 ದಾಟುತ್ತದಾ? ಬಿಸಿ ಏರಿದ ಹಾಗೆ ಅಣುವಿದಳನ ತಾನಾಗಿ ನಿಲ್ಲುತ್ತದೆ, ಅದು ಭೌತಶಾಸ್ತ್ರದ ಪಾಡು. ವಿದಳನದಲ್ಲಿ ಹುಟ್ಟಿದ ವಿಕಿರಣ ಚೂರುಗಳಿಂದ ಆಮೇಲೂ ಬರುತ್ತಲೇ ಇರುವ ಉಳಿಕೆ ಕಾವಿನದೇ ತಲೆನೋವು.

ಅದಕ್ಕೆ ವೇ-ವಿಗ್ನರ್ ಎಂಬ ಹಳೆಯ ಸೂತ್ರ ಇದೆ. ಒರಟು ಸೂತ್ರ, ಆದರೆ ಕೈಲೆಕ್ಕಕ್ಕೆ ಸಾಕು. ಒಂದು ರಿಯಾಕ್ಟರಿನ ಶಾಖ 250 ಮೆಗಾವ್ಯಾಟ್. ಒಂದು ವರ್ಷ ಓಡಿ ನಿಂತಿದೆ ಎಂದುಕೊಂಡೆ. ನಿಂತ ಕ್ಷಣಕ್ಕೆ ಸುಮಾರು 16 ಮೆಗಾವ್ಯಾಟ್, ಒಂದು ಗಂಟೆ ಕಳೆದಾಗ 2.7, ಒಂದು ದಿನ ಕಳೆದಾಗ 1.2. ಮೊದಲ ದಿನದ ಕಾವನ್ನೆಲ್ಲ ಕೂಡಿಸಿದರೆ ಸುಮಾರು 138 ಗಿಗಾಜೂಲ್.

ಇದನ್ನು ಯಾರು ಹೊರಬೇಕು? ಗುಂಡೊಂದು 200 ಗ್ರಾಂ ಎಂದರೆ ಒಟ್ಟು 84 ಟನ್ ಗ್ರಾಫೈಟ್. ಬಿಸಿ ಗ್ರಾಫೈಟ್ ಒಂದು ಕಿಲೋಗೆ, ಒಂದು ಡಿಗ್ರಿಗೆ ಸುಮಾರು 1.8 ಕಿಲೋಜೂಲ್ ಹೀರುತ್ತದೆ. ಭಾಗಿಸಿದರೆ 900 ಡಿಗ್ರಿಯಷ್ಟು ಏರಿಕೆ. ಸರಾಸರಿ 550-600ರಿಂದ ಶುರುವಾದರೂ ದಿನದ ಕೊನೆಗೆ 1,500ರ ಆಸುಪಾಸು. ಇದು ಒಂದಿಷ್ಟೂ ಕಾವು ಹೊರಗೆ ಹೋಗಲಿಲ್ಲ, ಸುತ್ತಲಿನ ಗ್ರಾಫೈಟ್ ಗೋಡೆಯೂ ಏನೂ ಹೀರಲಿಲ್ಲ ಎಂಬ ಅತಿ ಕಂಜೂಸಿ ಲೆಕ್ಕ. ಇಲ್ಲಿಗೆ ಬಂದಾಗ ನನಗೆ ನಿಜಕ್ಕೂ ಖುಷಿಯಾಯಿತು. ನೀರಿನ ರಿಯಾಕ್ಟರಿಗೆ ಇಷ್ಟು ಪುರುಸೊತ್ತು ಸಿಗುವುದಿಲ್ಲ.

ಆದರೆ ಸರಾಸರಿಯನ್ನು ನಂಬುವ ಫರ್ನೇಸಿನವನು ಉದ್ಧಾರ ಆಗುವುದಿಲ್ಲ. ನಡುಭಾಗ ಯಾವಾಗಲೂ ಜಾಸ್ತಿ ಬಿಸಿ. ಗುಂಡುಗಳ ರಾಶಿ 3 ಮೀಟರ್ ಅಗಲ, 11 ಮೀಟರ್ ಎತ್ತರ. ರಾಶಿಯೊಳಗೆ ಕಾವು ಹರಿಯುವ ದರಕ್ಕೆ ಒಂದು ಮೀಟರಿಗೆ, ಒಂದು ಡಿಗ್ರಿಗೆ 15 ವ್ಯಾಟ್ ಹಿಡಿದೆ. ಒಂದು ದಿನದ ನಂತರ ನಡುವಿಗೂ ಅಂಚಿಗೂ ಸುಮಾರು 570 ಡಿಗ್ರಿ ವ್ಯತ್ಯಾಸ ಬಂತು. ತಡೆದುಕೊಳ್ಳಬಹುದು. ಈಗ ಶೀಟಿನಲ್ಲಿ ಅಗಲ ಒಂದನ್ನೇ 6 ಮೀಟರ್ ಮಾಡಿ, ಘನಮೀಟರಿಗೆ ಅಷ್ಟೇ ಶಕ್ತಿ ಇಡಿ. ವ್ಯತ್ಯಾಸ ನಾಲ್ಕು ಪಟ್ಟು, 2,200 ದಾಟುತ್ತದೆ. ಕಥೆ ಮುಗಿಯಿತು. ಈ ರಿಯಾಕ್ಟರ್ ಬಡಕಲಾಗಿ ಉದ್ದಕ್ಕೆ ಯಾಕಿದೆ ಎಂಬುದಕ್ಕೆ ಇಷ್ಟೇ ಉತ್ತರ. ಬೆಲೆಯೂ ಅಲ್ಲೇ ಇದೆ: ಘನಮೀಟರಿಗೆ 3.2 ಮೆಗಾವ್ಯಾಟ್, ಮಾಮೂಲಿ ಒತ್ತಡದ ನೀರಿನ ರಿಯಾಕ್ಟರಿನಲ್ಲಿ ಸುಮಾರು 100. ಅಷ್ಟು ದೊಡ್ಡ ಉಕ್ಕಿನ ಪಾತ್ರೆಗೆ ಇಷ್ಟೇ ವಿದ್ಯುತ್ತಾ ಎಂದು ನಮ್ಮ ಪರ್ಚೇಸ್‌ನವರು ಕೇಳಿಯೇ ಕೇಳುತ್ತಾರೆ.

ಕಾವು ಕೊನೆಗೆ ಹೊರಬೀಳುವುದು ಉಕ್ಕಿನ ಪಾತ್ರೆಯ ಮೈಯಿಂದ. ಸುಮಾರು 6 ಮೀಟರ್ ವ್ಯಾಸ, 11 ಮೀಟರ್ ಎತ್ತರದ ಭಾಗ ಎಂದರೆ 207 ಚದರ ಮೀಟರ್. ಎದುರಿಗಿರುವ ನೀರಿನ ಪ್ಯಾನೆಲ್ 50 ಡಿಗ್ರಿ, ಎಮಿಸಿವಿಟಿ (ಮೈ ಎಷ್ಟು ಚೆನ್ನಾಗಿ ಕಾವು ಸೂಸುತ್ತದೆ ಎಂಬ ಅಂಕಿ; ಕಪ್ಪು ಮೈಗೆ 1ರ ಹತ್ತಿರ, ಹೊಳೆಯುವ ಮೈಗೆ ಕಡಿಮೆ) 0.7, ಉಕ್ಕು 350 ಡಿಗ್ರಿ ಇದ್ದರೆ 1.15 ಮೆಗಾವ್ಯಾಟ್ ಹೋಗುತ್ತದೆ. ಒಂದು ದಿನದ ಉಳಿಕೆ ಕಾವಿಗೆ ಹೆಚ್ಚುಕಡಿಮೆ ಸರಿ. ಪಂಪು ಬೇಡ, ಫ್ಯಾನು ಬೇಡ. ಆದರೆ ಎಮಿಸಿವಿಟಿ 0.3 ಎಂದು ಹಾಕಿ ನೋಡಿ: ಅಷ್ಟೇ ಕಾವು ಹೊರಹಾಕಲು ಉಕ್ಕು 490 ಡಿಗ್ರಿ ಆಗಬೇಕು. ಒತ್ತಡದ ಪಾತ್ರೆಯ ಉಕ್ಕಿಗೆ ಆ 140 ಡಿಗ್ರಿ ಸಣ್ಣ ಮಾತಲ್ಲ. ಫಳಫಳ ಹೊಳೆಯುವ ಪಾತ್ರೆ ಇಲ್ಲಿ ಬೇಡವೇ ಬೇಡ. ಗುಮ್ಮಟದ ದಪ್ಪದ ಬಗ್ಗೆ ಇಷ್ಟು ವಾದ ಮಾಡುವವರು ಈ ಮೈಬಣ್ಣದ ಬಗ್ಗೆ ಮಾತೇ ಎತ್ತುವುದಿಲ್ಲ.

ಭಾವ ಕೇಳಿದ ಸಾದಾ ಕಟ್ಟಡದ ಮಾತಿಗೆ ಬರೋಣ. ಕೊಳವೆ ಒಡೆದಾಗ ಮೊದಲು ನುಗ್ಗುವ ಹೀಲಿಯಂನಲ್ಲಿ ವಿಕಿರಣ ತೀರಾ ಕಡಿಮೆ. ಅದನ್ನು ಹೊರಗೆ ಬಿಟ್ಟುಬಿಡುತ್ತಾರೆ. ಇಂಧನ ನಿಜವಾಗಿ ಬಿಸಿಯೇರುವುದು ಗಂಟೆಗಟ್ಟಲೆ ಕಳೆದ ಮೇಲೆ. ಅಷ್ಟು ಹೊತ್ತಿಗೆ ತಳ್ಳುವ ಒತ್ತಡ ಉಳಿದಿರುವುದಿಲ್ಲ. ಕಟ್ಟಡ ಮುಚ್ಚಿ ಫಿಲ್ಟರ್ ಮೂಲಕ ಗಾಳಿ ಬಿಟ್ಟರಾಯಿತು. ಬಿಗಿಯಾಗಿ ಹಿಡಿದಿಟ್ಟಿದ್ದರೆ ಅದೇ ಒತ್ತಡ ಆಮೇಲೆ ಬಂದ ವಿಕಿರಣದ ಕೊಳೆಯನ್ನು ಸಂದುಗೊಂದುಗಳಿಂದ ಹೊರದೂಡುತ್ತಿತ್ತು. ಭಾವ ಇದನ್ನು ಅರ್ಧ ಒಪ್ಪಿದರು.

ನಾನೂ ಪೂರ್ತಿ ಒಪ್ಪಿಲ್ಲ. ನನ್ನ ಶೀಟಿನಲ್ಲಿ ಗಾಳಿ ಇಲ್ಲ, ನೀರಿಲ್ಲ, ಧೂಳಿಲ್ಲ. ಬಿಸಿ ಇರುವಾಗಲೇ ಬಾಗಿಲು ತೆರೆದರೆ ಗ್ರಾಫೈಟ್ ಫೆಲ್ಟ್ ಏನಾಗುತ್ತದೆ ಎಂದು ಭೋಸರಿಯ ಯಾವ ಫರ್ನೇಸ್ ಆಪರೇಟರನ್ನು ಬೇಕಾದರೂ ಕೇಳಿ. ಅಣುದರ್ಜೆಯ ಗ್ರಾಫೈಟ್ ಅಷ್ಟು ಬೇಗ ತಿನ್ನಿಸಿಕೊಳ್ಳುವುದಿಲ್ಲ ನಿಜ, ಆದರೂ ಗಾಳಿ ಒಳಗೆ ಬರುವ ದಾರಿ ಕಿರಿದಾಗಿರಲೇಬೇಕು. ಜರ್ಮನಿಯ ಯೂಲಿಶ್‌ನಲ್ಲಿ 1967ರಿಂದ 1988ರವರೆಗೆ ಓಡಿದ ಎವಿಆರ್ ಎಂಬ ಇಂಥದೇ ಗುಂಡುಗಳ ರಿಯಾಕ್ಟರ್ ಇನ್ನೂ ಕಲಿಸುತ್ತದೆ. ಅಲ್ಲಿ ಸ್ಟೀಮ್ ಜನರೇಟರ್ ಗುಂಡುಗಳ ರಾಶಿಯ ಮೇಲೆಯೇ ಇತ್ತು. 1978ರಲ್ಲಿ ಅದು ಸೋರಿ ನೀರು ಒಳಗಿಳಿಯಿತು. ಶಿದಾವ್‌ನಲ್ಲಿ ಅದನ್ನು ಪಕ್ಕಕ್ಕೆ, ರಾಶಿಗಿಂತ ಕೆಳಗೆ ಇಟ್ಟಿದ್ದಾರೆ. ಎವಿಆರ್‌ನಲ್ಲೇ 1986ರಲ್ಲಿ ಕರಗುವ ತಂತಿ ಇಟ್ಟ ಗುಂಡುಗಳನ್ನು ಹಾಕಿ ನೋಡಿದರು. ಕೆಲವು 1,280 ಡಿಗ್ರಿಗೂ ಮೇಲೆ ಹೋಗಿಬಂದಿದ್ದವು. ಲೆಕ್ಕ ಹೇಳಿದ್ದು ಅದಕ್ಕಿಂತ ಕಡಿಮೆ. ಗುಂಡುಗಳ ನಡುವೆ ಗ್ಯಾಸ್ ಎಲ್ಲಿ ಹರಿಯಿತು ಎಂಬುದು ಅಷ್ಟು ಸುಲಭಕ್ಕೆ ಕೈಗೆ ಸಿಗುವುದಿಲ್ಲ.

ಶಿದಾವ್‌ನಲ್ಲಿ 2023ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಎರಡೂ ರಿಯಾಕ್ಟರುಗಳ ಮೇಲೆ ಕೂಲಿಂಗ್ ನಿಲ್ಲಿಸಿ ಪರೀಕ್ಷೆ ಮಾಡಿದರು. ತಾವಾಗಿ ತಣಿದವು. ಆದರೆ ಆಗ ಓಡುತ್ತಿದ್ದದ್ದು 200 ಮೆಗಾವ್ಯಾಟಿನಲ್ಲಿ. ನನ್ನ ಶೀಟಿನಲ್ಲಿ 250ರ ಜಾಗಕ್ಕೆ 200 ಹಾಕಿದರೆ ಉಕ್ಕಿನ ಮೈ 350ರ ಬದಲು 320ರ ಹತ್ತಿರ ನಿಲ್ಲುತ್ತದೆ. ಪೂರ್ತಿ 250ರಲ್ಲೂ ಒಮ್ಮೆ ಮಾಡಿ ತೋರಿಸಲಿ ಎನ್ನುತ್ತಾರೆ ಭಾವ. ಆ ಮಾತಿಗೆ ನನ್ನ ತಕರಾರಿಲ್ಲ.